ಬಸ್ಸಿನಲ್ಲಿ ಹೋಗಿ ನಡೆಯಬಹುದಾದ ಕರಾವಳಿ ದಾರಿಗಳು: ಯಾರಿಗೆ ಯಾವುದು ಸರಿ?

ಕಡಲ ತೀರದಲ್ಲಿ ನಡೆಯೋಕೆ ಹೋಗುವವರಿಗೆ ಕಾರಿಗಿಂತ ಬಸ್ಸೇ ವಾಸಿ. ಇದು ಬರೀ ದುಡ್ಡಿನ ಲೆಕ್ಕ ಅಲ್ಲ. ಕಾರು ತಂದವರು ಎಷ್ಟು ದೂರ ನಡೆದರೂ ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ಬೆಳಿಗ್ಗೆ ದಾಟಿದ ಮರಳನ್ನೇ ಮಧ್ಯಾಹ್ನದ ಬಿಸಿಲಲ್ಲಿ ಮತ್ತೆ ದಾಟಬೇಕು. ಬಸ್ಸಿನಲ್ಲಿ ಬಂದವರಿಗೆ ಆ ಕಟ್ಟಿಲ್ಲ. ಒಂದು ಊರಲ್ಲಿ ಇಳಿದು, ನಡೆದು, ಇನ್ನೊಂದು ಊರಲ್ಲಿ ಬಸ್ ಹತ್ತಬಹುದು. ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿವರೆಗೆ ರಾಷ್ಟ್ರೀಯ ಹೆದ್ದಾರಿ 66 ಕಡಲಿಗೆ ಹತ್ತಿರದಲ್ಲೇ ಸಾಗುವುದರಿಂದ ನಮ್ಮ ಕರಾವಳಿ ಇಂಥ ನಡಿಗೆಗೆ ಹೇಳಿ ಮಾಡಿಸಿದ ಹಾಗಿದೆ.

ಆದರೆ ಯಾವ ದಾರಿ ಆರಿಸಿಕೊಳ್ಳೋದು ಅಂತ ಕೇಳಿದರೆ ಹೆಚ್ಚಿನವರು ಫೋಟೋ ನೋಡಿ ತೀರ್ಮಾನ ಮಾಡ್ತಾರೆ. ಫೋಟೋದಲ್ಲಿ ಎಲ್ಲ ಕಡಲೂ ಚೆಂದವೇ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ದಾರಿಯ ಎರಡು ತುದಿಗಳನ್ನು. ಯಾವ ತುದಿಗೆ ಬಸ್ ಜಾಸ್ತಿ, ಯಾವ ತುದಿಗೆ ಕಮ್ಮಿ? ಬಸ್ ಕಮ್ಮಿ ಇರುವ ತುದಿಗೆ ಬೆಳಿಗ್ಗೆಯೇ ಹೋಗಿ ಇಳಿದುಕೊಳ್ಳಿ. ಬಸ್ ಜಾಸ್ತಿ ಇರುವ ಊರಿನ ಕಡೆಗೆ ನಡೆಯಿರಿ. ಆಗ ಸಂಜೆ ಕೊನೆ ಬಸ್ ಹೋಗಿಬಿಡುತ್ತೆ ಅನ್ನುವ ಗಡಿಬಿಡಿ ಇರೋದಿಲ್ಲ. ದಾರಿಯಲ್ಲಿ ಎಲ್ಲಿ ಬೇಕೋ ಅಲ್ಲಿ ಕೂತು ಬರಬಹುದು. ಈ ಕೆಳಗಿನ ಐದು ದಾರಿಗಳನ್ನೂ ಇದೇ ಕಣ್ಣಲ್ಲಿ ನೋಡಿದ್ದೇನೆ.

ಗೋಕರ್ಣ: ಹೊಸಬರಿಗೆ, ಆದರೆ ಉಲ್ಟಾ ದಿಕ್ಕಿನಲ್ಲಿ

ಎಲ್ಲರಿಗೂ ಗೊತ್ತಿರುವ ದಾರಿ ಇದು. ಮಹಾಬಲೇಶ್ವರ ದೇವಸ್ಥಾನದ ಹತ್ತಿರದಿಂದ ರಾಮತೀರ್ಥದ ಕಡೆ ಹತ್ತಿ, ಗುಡ್ಡದ ಮೇಲಿನಿಂದ ಕುಡ್ಲೆ, ಅಲ್ಲಿಂದ ಓಂ, ಆಮೇಲೆ ಹಾಫ್ ಮೂನ್, ಪ್ಯಾರಡೈಸ್. ಇನ್ನೂ ಮುಂದೆ ಹೋದರೆ ಬೇಲೆಕಾನ, ಅದರಾಚೆ ಅಘನಾಶಿನಿ ನದಿ ಕಡಲು ಸೇರುವ ಕಡೆ ತದಡಿ ಬಂದರು. ಒಂದೊಂದು ತೀರದ ನಡುವೆಯೂ ಒಂದೊಂದು ಗುಡ್ಡದ ಮೂಗು ಕಡಲಿಗೆ ಚಾಚಿದೆ. ಆ ಮೂಗನ್ನು ಹತ್ತಿ ಇಳಿಯೋದೇ ಈ ದಾರಿಯ ಕೆಲಸ, ಖುಷಿ ಎರಡೂ. ಒಂದು ತೀರದಿಂದ ಇನ್ನೊಂದಕ್ಕೆ 20 ನಿಮಿಷದಿಂದ ಅರ್ಧ ಗಂಟೆ ಸಾಕು. ಪ್ಯಾರಡೈಸ್ ಕಡೆ ಹೋದಂತೆ ದಾರಿಯಲ್ಲಿ ಕಲ್ಲು ಜಾಸ್ತಿ, ಕೈಯೂರಬೇಕಾದ ಜಾಗಗಳೂ ಸಿಗುತ್ತವೆ.

ಹೆಚ್ಚಿನವರು ಊರಿನಿಂದ ಹೊರಟು ಪ್ಯಾರಡೈಸ್ ತಲುಪಿ, ಸುಸ್ತಾಗಿ, ದೋಣಿಯವರು ಕೇಳಿದಷ್ಟು ಕೊಟ್ಟು ವಾಪಸ್ ಬರ್ತಾರೆ. ನಾನು ಹೇಳೋದು ಉಲ್ಟಾ. ಬೆಳಿಗ್ಗೆ ಗೋಕರ್ಣದ ಬಸ್ ನಿಲ್ದಾಣದಿಂದ ತದಡಿ ಕಡೆ ಬಸ್ ಹಿಡಿಯಿರಿ. ಸಮಯಕ್ಕೆ ಸಿಗದಿದ್ದರೆ ಆಟೋ ಮಾಡಿ, ದೂರ ಹೆಚ್ಚಿಲ್ಲ. ಬೇಲೆಕಾನದಿಂದ ನಡಿಗೆ ಶುರು ಮಾಡಿ. ಕಷ್ಟದ ಕಲ್ಲುದಾರಿ ಕಾಲಲ್ಲಿ ಕಸುವಿರುವಾಗಲೇ ಮುಗಿಯುತ್ತದೆ. ಜನ ಬರುವ ಮೊದಲು ಪ್ಯಾರಡೈಸ್, ಹಾಫ್ ಮೂನ್ ಸಿಗುತ್ತವೆ. ಹಸಿವಾಗುವ ಹೊತ್ತಿಗೆ ಓಂ ತೀರದ ಹೋಟೆಲುಗಳ ಮುಂದೆ ಇರ್ತೀರಿ. ಕೊನೆಗೆ ಕುಡ್ಲೆ ದಾಟಿ ಊರಿಗೆ ಇಳಿದರೆ ಬಸ್ ನಿಲ್ದಾಣ ಅಲ್ಲೇ. ಕುಮಟಾ, ಅಂಕೋಲಾ ಕಡೆಗೆ ಸಂಜೆಯೂ ಬಸ್ ಇರುತ್ತವೆ. ದಾರಿಯಲ್ಲಿ ಬೇಡ ಅನಿಸಿದರೆ ಓಂ ಹತ್ತಿರ ರಸ್ತೆ ಇದೆ, ಆಟೋ ಸಿಗುತ್ತದೆ. ಹೊಸಬರಿಗೆ ಈ ದಾರಿ ಒಗ್ಗುವುದು ಅದಕ್ಕೇ.

ಇಲ್ಲಿನ ಕೊರತೆ ಜನಜಂಗುಳಿ. ಶನಿವಾರ, ಭಾನುವಾರ, ಹೊಸ ವರ್ಷದ ಹೊತ್ತು ಓಂ ಮತ್ತು ಕುಡ್ಲೆಯಲ್ಲಿ ನಿಶ್ಶಬ್ದ ಸಿಗೋದಿಲ್ಲ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಹಾಫ್ ಮೂನ್, ಪ್ಯಾರಡೈಸ್ ನೋಡೋಕೆ ಶಾಂತವಾಗಿ ಕಾಣುತ್ತವೆ. ಆದರೆ ಈ ತೀರಗಳಲ್ಲಿ ಪ್ರತಿವರ್ಷ ಈಜಲು ಹೋಗಿ ಜೀವ ಕಳೆದುಕೊಂಡವರ ಸುದ್ದಿ ಬರುತ್ತದೆ. ಮೊಣಕಾಲು ಮುಳುಗುವಷ್ಟಕ್ಕೆ ನಿಲ್ಲಿಸಿ. ಕಲ್ಲಿನ ಮೇಲೆ ಅಲೆಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ.

ಅಘನಾಶಿನಿಯಿಂದ ಕುಮಟಾ: ನನಗೆ ಎಲ್ಲಕ್ಕಿಂತ ಇಷ್ಟವಾದದ್ದು

ನದಿಯ ಈಚೆ ದಡದಲ್ಲಿ ತದಡಿ, ಆಚೆ ದಡದಲ್ಲಿ ಅಘನಾಶಿನಿ ಅನ್ನುವ ಊರು. ನೀರಿನ ಮೇಲೆ ಎದುರುಬದುರು ಕಾಣುತ್ತವೆ. ರಸ್ತೆಯಲ್ಲಿ ಹೋಗುವುದಾದರೆ ಮಾದನಗೇರಿ, ಮಿರ್ಜಾನ್ ಸುತ್ತಿಕೊಂಡು ಕುಮಟಾಕ್ಕೆ ಬಂದು, ಅಲ್ಲಿಂದ ಮತ್ತೆ ಬಡಗಣಕ್ಕೆ ತಿರುಗಬೇಕು. ತಾರಿ, ಅಂದರೆ ಜನರನ್ನು ನದಿ ದಾಟಿಸುವ ದೋಣಿ, ಹತ್ತಿದರೆ ಕೆಲವೇ ನಿಮಿಷ.

ಕುಮಟಾ ಬಸ್ ನಿಲ್ದಾಣದಿಂದ ಬಾಡ, ಕಾಗಾಲ ಮಾರ್ಗವಾಗಿ ಅಘನಾಶಿನಿಗೆ ಲೋಕಲ್ ಬಸ್ ಇದೆ. ಬೆಳಗಿನ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೂ ಹೋಗಿ ಇಳಿಯಿರಿ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಪೇಟೆಗೆ ಹೋಗಿ ಬರುವವರು ತುಂಬಿದ ಬಸ್ ಅದು. ಅಲ್ಲಿಂದ ತೆಂಕಣಕ್ಕೆ ನಡೆದರೆ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ, ಕೊನೆಗೆ ಕುಮಟಾ ಪೇಟೆ. ಸುಮಾರು 15 ಕಿ.ಮೀ. ಗುಡ್ಡ ಹತ್ತಿಳಿದು ನಿಧಾನವಾಗಿ ಬಂದರೆ ಆರು ಗಂಟೆ ಬೇಕು.

ಗೋಕರ್ಣದಲ್ಲಿ ಒಂದು ತೀರಕ್ಕೂ ಇನ್ನೊಂದಕ್ಕೂ ಸಿಗುವ ವ್ಯತ್ಯಾಸವೆಲ್ಲ ಇಲ್ಲೂ ಇದೆ. ಜೊತೆಗೆ ಊರುಗಳಿವೆ. ದೋಣಿ ಎಳೆದು ನಿಲ್ಲಿಸಿದ ಮರಳು, ಮೀನು ಒಣಗಿಸಿದ ಅಂಗಳ, ತೆಂಗಿನ ತೋಟದ ನಡುವೆ ಓಣಿ, ಮತ್ತೆ ಉದ್ದಕ್ಕೆ ಯಾರೂ ಇಲ್ಲದ ತೀರ. ಬಾಡದ ಕಡೆ ಒದ್ದೆ ಮರಳಿನ ಮೇಲೆ ಸ್ವಲ್ಪ ಹೊತ್ತು ಅಲುಗಾಡದೆ ಕೂತು ನೋಡಿ. ಉಗುರಿಗಿಂತ ಸ್ವಲ್ಪ ದೊಡ್ಡ ಏಡಿಗಳು ಬಿಲದಿಂದ ಹೊರಗೆ ಬರುತ್ತವೆ. ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿನ ತಿನ್ನುವ ಅಂಶ ಹೀರಿ, ಉಳಿದದ್ದನ್ನು ಸಣ್ಣ ಉಂಡೆ ಮಾಡಿ ಪಕ್ಕಕ್ಕೆ ಇಡುತ್ತವೆ. ಬಿಲದ ಸುತ್ತ ಆ ಉಂಡೆಗಳ ಸಾಲು ಹರಡುತ್ತಾ ಹೋಗುತ್ತದೆ. ಮುಂದಿನ ಉಬ್ಬರ ಬಂದು ಎಲ್ಲ ಅಳಿಸುತ್ತದೆ, ನೀರಿಳಿದ ಮೇಲೆ ಅವು ಮತ್ತೆ ಶುರು ಮಾಡುತ್ತವೆ.

ಅಘನಾಶಿನಿಯ ಬಗ್ಗೆ ಎರಡು ಮಾತು ಹೆಚ್ಚು ಹೇಳಲೇಬೇಕು. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದಿಂದ ಕಡಲಿನವರೆಗೂ ತಡೆಯಿಲ್ಲದೆ ಹರಿದು ಬರುತ್ತದೆ. ಅದು ಕಡಲು ಸೇರುವ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಇಳಿತದ ಹೊತ್ತಿಗೆ ಬಂದರೆ ನೀರಿಗಿಳಿದು ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು, ಗಂಡಸರು ಕಾಣುತ್ತಾರೆ. ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ, ಸಾಣಿಕಟ್ಟಾದ ಉಪ್ಪಿನ ಗದ್ದೆಗಳು, ಎಲ್ಲ ಇದೇ ನೀರನ್ನು ನಂಬಿದವು. ನಡೆಯುವವರಿಗೆ ಕಡಲು ಎಷ್ಟು ಮುಖ್ಯವೋ ಈ ಅಳಿವೆಯೂ ಅಷ್ಟೇ ಮುಖ್ಯ. ಸುಮ್ನೆ ದಾಟಿಕೊಂಡು ಹೋಗಬೇಡಿ, ಒಂದು ಗಂಟೆಯಾದರೂ ಇದರ ದಡದಲ್ಲಿ ನಿಲ್ಲಿ.

ಈ ದಾರಿಯ ಇನ್ನೊಂದು ಗುಣ: ಬಸ್ ರಸ್ತೆ ತೀರಕ್ಕೆ ತೀರಾ ದೂರ ಇಲ್ಲ. ಬಾಡದಲ್ಲಿ ಕಾಲು ನೋವು ಬಂತಾ, ಅಲ್ಲೇ ರಸ್ತೆಗೆ ಹೋಗಿ ಬಸ್ಸಿಗೆ ಕಾಯಬಹುದು. ಪ್ಯಾರಡೈಸಿನಲ್ಲಿ ಆ ಅನುಕೂಲ ಇಲ್ಲ.

ಕೊರತೆ ಏನೆಂದರೆ ದಾರಿಗೆ ಎಲ್ಲೂ ಗುರುತಿನ ಹಲಗೆ ಇಲ್ಲ. ಗುಡ್ಡದ ಮೇಲೆ ಕಾಲುದಾರಿ ಎರಡು ಮೂರಾಗಿ ಒಡೆಯುತ್ತದೆ. ಊರಿನವರನ್ನು ಕೇಳಿಕೊಂಡು ಹೋಗಬೇಕು. ಅವರು ಮನಸಾರೆ ಹೇಳ್ತಾರೆ, ಕೆಲವರು ಅರ್ಧ ದಾರಿ ಬಂದೂ ಬಿಡುತ್ತಾರೆ. ಊಟದ ಹೋಟೆಲು ಕಮ್ಮಿ. ನೀರು, ತಿಂಡಿ ಕುಮಟಾದಲ್ಲೇ ಕಟ್ಟಿಸಿಕೊಳ್ಳಿ. ಒಬ್ಬೊಬ್ಬರಿಗೆ ಎರಡೂವರೆ ಲೀಟರ್ ನೀರಿಗೆ ಕಮ್ಮಿ ಬೇಡ.

ಎರಡು ದಿನ ಇದ್ದವರು ಈ ದಾರಿಯನ್ನು ಗೋಕರ್ಣದ ದಾರಿಗೆ ಜೋಡಿಸಬಹುದು. ಮೊದಲ ದಿನ ಕುಮಟಾದಿಂದ ಬಡಗಣಕ್ಕೆ ನಡೆದು ಅಘನಾಶಿನಿ. ಮರುದಿನ ತಾರಿ ದಾಟಿ ತದಡಿ, ಬೇಲೆಕಾನ, ಗೋಕರ್ಣ. ಒಟ್ಟು 25 ಕಿ.ಮೀ. ಆಸುಪಾಸು. ಇಲ್ಲಿ ಎರಡೂ ತುದಿಗೂ ಬಸ್ ಚೆನ್ನಾಗಿದೆ, ಹಾಗಾಗಿ ದಿಕ್ಕಿನ ಚಿಂತೆ ಬೇಡ. ಕೊನೆಯ ತಾರಿ ಎಷ್ಟು ಗಂಟೆಗೆ ಅಂತ ಮಾತ್ರ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಮಲ್ಪೆ, ಮಟ್ಟು, ಕಾಪು: ಬಸ್ಸಿನ ಚಿಂತೆಯೇ ಬೇಡದ ದಾರಿ

ಉಡುಪಿ ಕಡೆ ಗುಡ್ಡ ಹತ್ತುವ ಕೆಲಸ ಇಲ್ಲ. ಎಲ್ಲ ಸಮತಟ್ಟು. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ ಒಂದರ ಹಿಂದೊಂದು ಬರ್ತಾನೇ ಇರುತ್ತವೆ. ಕಾಪು ಹೆದ್ದಾರಿಯಲ್ಲೇ ಇರೋದರಿಂದ ಉಡುಪಿ, ಮಂಗಳೂರು ನಡುವಿನ ಬಸ್ಸುಗಳು ರಾತ್ರಿಯಾದರೂ ಸಿಗುತ್ತವೆ. ತಡವಾಗಿ ಏಳುವವರಿಗೆ, ಮಕ್ಕಳ ಜೊತೆ ಬರುವವರಿಗೆ, ಮೊದಲ ಸಲ ಉದ್ದಕ್ಕೆ ನಡೆದು ನೋಡುವವರಿಗೆ ಇದು ಸರಿ.

ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆಗೆ ಬಂದರೆ ಒಂದು ಸಣ್ಣ ನೆಲದ ಪಟ್ಟಿ. ಬಲಕ್ಕೆ ಕಡಲು, ಎಡಕ್ಕೆ ಉದ್ಯಾವರ ಹೊಳೆ. ಹೊಳೆ ಇಲ್ಲಿ ನೇರ ಕಡಲಿಗೆ ಹೋಗದೆ ತೀರದ ಪಕ್ಕದಲ್ಲೇ ಬಡಗಣಕ್ಕೆ ಹರಿದು ಮಲ್ಪೆಯಲ್ಲಿ ಸೇರುತ್ತದೆ. ಆ ಪಟ್ಟಿಯ ಮೇಲೆ ಮನೆ, ತೆಂಗು, ದೇವಸ್ಥಾನ, ಸಣ್ಣ ರಸ್ತೆ. ಹಾಗೇ ಮಟ್ಟು, ಕೈಪುಂಜಾಲು ದಾಟಿ ಕಾಪು ದೀಪಸ್ತಂಭ. ಎಲ್ಲ ಸೇರಿ 14 ಕಿ.ಮೀ. ಆಸುಪಾಸು. ಬೆಳಿಗ್ಗೆ ಹೊರಟರೆ ಕೈರಂಪಣಿ ಎಳೆಯುವುದನ್ನು ನೋಡುವ ಅದೃಷ್ಟ ಇರಬಹುದು. ಬಲೆಯ ಎರಡು ತುದಿಯ ಹಗ್ಗವನ್ನು ಎರಡು ಗುಂಪು ಹಿಡಿದು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ, ಒಂದು ಗುಂಪು ಇನ್ನೊಂದರ ಹತ್ತಿರ ಸರಿಯುತ್ತಾ ಬಲೆಯನ್ನು ದಡಕ್ಕೆ ತರುತ್ತದೆ.

ನೇರ ಹೇಳಬೇಕೆಂದರೆ ಈ ದಾರಿಯಲ್ಲಿ ಮರಳಿನ ಮೇಲೆ ನಡೆಯೋದಕ್ಕೆ ಸಿಗುವುದು ಅರ್ಧದಷ್ಟೇ. ಕಡಲ ಕೊರೆತ ತಡೆಯೋಕೆ ಹಾಕಿದ ದೊಡ್ಡ ಬಂಡೆಗಳ ಗೋಡೆ ಅಲ್ಲಲ್ಲಿ ಇದೆ, ಅಲ್ಲಿ ರಸ್ತೆಗೇ ಬರಬೇಕು. ಪೂರ್ತಿ ಬೇಡ ಅನ್ನುವವರಿಗೆ ಇನ್ನೊಂದು ಉಪಾಯ ಇದೆ. ಹೆದ್ದಾರಿಯ ಕಟಪಾಡಿಯಲ್ಲಿ ಇಳಿದು ಮಟ್ಟುವಿನ ಕಡೆ ನಡೆಯಿರಿ. ಚಳಿಗಾಲದಲ್ಲಿ ಆ ಕಡೆ ಮಟ್ಟುಗುಳ್ಳದ ಗದ್ದೆಗಳು ತುಂಬಿರುತ್ತವೆ. 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ, ತಿಳಿ ಹಸಿರಿನ, ಗುಂಡನೆಯ ಬದನೆ ಅದು. ಮಟ್ಟುವಿನಿಂದ ತೆಂಕಣಕ್ಕೆ ತಿರುಗಿದರೆ ಕಾಪುವಿಗೆ ಎರಡು ತಾಸಿನ ನಡಿಗೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಮೇಲೆ ಹತ್ತಲು ಸಾಮಾನ್ಯವಾಗಿ ಸಂಜೆ ಹೊತ್ತು ಮಾತ್ರ ಬಿಡುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಕಟಪಾಡಿಯಿಂದ ಹೊರಟರೆ ಸಮಯ ಸರಿಹೋಗುತ್ತದೆ.

ಎರಡು ಸಣ್ಣ ದಾರಿಗಳು

ಹೊನ್ನಾವರದ ಹತ್ತಿರ ಅಪ್ಸರಕೊಂಡ. ಹೆದ್ದಾರಿಯ ಕ್ರಾಸಿನಲ್ಲಿ ಇಳಿದು ಒಳಗೆ ನಡೆದರೆ ಸಣ್ಣ ಜಲಪಾತ, ಗುಹೆ, ಗುಡ್ಡದ ಮೇಲಿನಿಂದ ಕಡಲಿನ ನೋಟ. ಅಲ್ಲಿಂದ ಕೆಳಗಿಳಿದು ಬಡಗಣಕ್ಕೆ ಹೋದರೆ ಕಾಸರಕೋಡಿನ ಇಕೋ ಬೀಚ್. 2020ರಲ್ಲಿ ಪಡುಬಿದ್ರಿಯ ಜೊತೆಗೇ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಕಡಲತೀರ ಅನ್ನುವ ಅಂತರರಾಷ್ಟ್ರೀಯ ಮನ್ನಣೆ, ಪಡೆದ ತೀರ ಇದು. ಶೌಚಾಲಯ, ಸ್ನಾನದ ಕೋಣೆ ಇವೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ನಾನು ಇದನ್ನೇ ಹೇಳ್ತೀನಿ. ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿಯೂ ಇದೆ. ಟೊಂಕದ ಕಡೆಯ ಮರಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬೇಲಿ ಕಟ್ಟಿದ ಜಾಗ ಕಂಡರೆ ದೂರದಿಂದಲೇ ಹೋಗಿ.

ಇನ್ನೊಂದು ಕಾರವಾರದಿಂದ ಬಡಗಣಕ್ಕೆ, ಗೋವಾ ಗಡಿಯ ಮಾಜಾಳಿ. ಕಾರವಾರದಿಂದ ಲೋಕಲ್ ಬಸ್ ಇದೆ. ಮಾಜಾಳಿ ತೀರದ ತುದಿಗೆ ಹೋಗಿ ಗುಡ್ಡ ಹತ್ತಿ ಇಳಿದರೆ ತಿಳಮಾತಿ. ಮರಳು ಕಪ್ಪು, ಎಳ್ಳಿನ ಹಾಗೆ ಕಾಳು ಕಾಳು. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರುತ್ತದೆ. ನಡಿಗೆ ಸಣ್ಣದು, ಅರ್ಧ ದಿನ ಸಾಕು. ಆದರೆ ಬಂದ ದಾರಿಯಲ್ಲೇ ವಾಪಸ್ ಆಗಬೇಕು. ಅಷ್ಟಕ್ಕಾಗಿ ದೂರದಿಂದ ಬರುವುದು ಬೇಡ. ಕಾರವಾರಕ್ಕೆ ಬೇರೆ ಕೆಲಸಕ್ಕೆ ಬಂದವರು ತಪ್ಪಿಸಿಕೊಳ್ಳಬೇಡಿ.

ಮರವಂತೆ ಯಾಕಿಲ್ಲ ಅಂತ ಕೇಳಬಹುದು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ. ನೋಟ ಅದ್ಭುತ. ನಡೆಯೋಕೆ ಮಾತ್ರ ಲಾರಿಗಳ ಪಕ್ಕದಲ್ಲಿ ಸಾಗಬೇಕು. ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಎಡಗಡೆ ಕಿಟಕಿ ಹಿಡಿದು ನೋಡುವುದೇ ಚೆಂದ.

ಬಸ್, ಉಬ್ಬರ, ಬಿಸಿಲು

ಬಸ್ಸಿನ ಲೆಕ್ಕದಲ್ಲಿ ಎರಡು ಜಿಲ್ಲೆಗೂ ದೊಡ್ಡ ವ್ಯತ್ಯಾಸ ಇದೆ. ಉತ್ತರ ಕನ್ನಡದಲ್ಲಿ ಊರೂರಿಗೆ ಓಡುವುದು ಹೆಚ್ಚಾಗಿ ಸರ್ಕಾರಿ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕೈಯಲ್ಲಿರಲಿ. ಬಸ್ ಕಮ್ಮಿ, ಆದರೆ ಖರ್ಚು ಕಮ್ಮಿ. ಉಡುಪಿ ಕಡೆ ಖಾಸಗಿ ಬಸ್ಸುಗಳದ್ದೇ ಓಡಾಟ ಜಾಸ್ತಿ. ಕಾಯುವ ಕೆಲಸ ಇಲ್ಲ, ಆದರೆ ಎಲ್ಲರೂ ಟಿಕೆಟ್ ತೆಗೆಯಬೇಕು. ನಾಲ್ಕೈದು ಹೆಂಗಸರು ಸೇರಿ ಹೊರಟ ಗುಂಪಿಗೆ ಇದೂ ಒಂದು ತೂಕದ ವಿಷಯ ಅಲ್ವಾ? ಹಳ್ಳಿ ಬಸ್ಸಿನ ಸಮಯಕ್ಕೆ ಮೊಬೈಲ್ ನಕ್ಷೆ ನಂಬಬೇಡಿ. ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೇಳಿ, ಹೋಗುವಾಗ ಕಂಡಕ್ಟರನ್ನೂ ಕೇಳಿ. ಕೊನೆ ಬಸ್ ಯಾವುದು ಅನ್ನೋದರ ಜೊತೆಗೆ ಅದರ ಹಿಂದಿನದ್ದು ಯಾವುದು ಅಂತಲೂ ತಿಳಿದುಕೊಳ್ಳಿ, ಆ ಹಿಂದಿನ ಬಸ್ಸಿಗೇ ಲೆಕ್ಕ ಹಾಕಿ.

ಉಬ್ಬರ ಇಳಿತ ನೋಡದೆ ಗೋಕರ್ಣ, ಕುಮಟಾ ದಾರಿಗೆ ಇಳಿಯಬೇಡಿ. ಇಳಿತದಲ್ಲಿ ಗಟ್ಟಿ ಒದ್ದೆ ಮರಳು ಸಿಗುತ್ತದೆ, ಕಲ್ಲಿನ ಬುಡದಲ್ಲಿ ದಾರಿ ಬಿಡುತ್ತದೆ. ಉಬ್ಬರದಲ್ಲಿ ಮೇಲಿನ ಸಡಿಲ, ಓರೆ ಮರಳಿನಲ್ಲೇ ಕಾಲೆಳೆಯಬೇಕು. ತೆಂಕಣಕ್ಕೆ ನಡೆಯುವವರಿಗೆ ಬಲಗಾಲು ಸದಾ ತಗ್ಗಿನಲ್ಲಿದ್ದು, ಎರಡು ಗಂಟೆಯಲ್ಲಿ ಹಿಮ್ಮಡಿಯ ಕೀಲು ಹೇಳುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 8ಕ್ಕಿದ್ದರೆ ನಾಳೆ 9ರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ನೀರು ಏರಿದಾಗ ಕಲ್ಲಿನ ಬುಡ ಬಳಸಿ ಹೋಗುವ ಸಾಹಸ ಬೇಡ, ಗುಡ್ಡದ ಮೇಲಿನ ದಾರಿ ಹಿಡಿಯಿರಿ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ನಮ್ಮದು ಪಡುವಣ ತೀರ, ಬೆಳಿಗ್ಗೆ ತೆಂಗಿನ ನೆರಳು ಮರಳಿನ ಮೇಲೆ ಚಾಚಿರುತ್ತದೆ. ಹತ್ತೂವರೆ ಆದ ಮೇಲೆ ಅದೂ ಇಲ್ಲ. ಚಿರೆಕಲ್ಲಿನ ಗುಡ್ಡ ಮಧ್ಯಾಹ್ನ ಕೆಂಡ. ಕಲ್ಲಿನ ತೂತುಗಳ ಅಂಚು ಚೂಪಾಗಿರುವುದರಿಂದ ಹವಾಯಿ ಚಪ್ಪಲಿ ಸಾಲದು, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಜೂನ್‌ನಿಂದ ಸೆಪ್ಟೆಂಬರ್ ಇವುಗಳಲ್ಲಿ ಯಾವ ದಾರಿಯೂ ಬೇಡ. ಕಡಲು ಮಾತ್ರ ಅಲ್ಲ, ರಸ್ತೆಯನ್ನೂ ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ಹಲವು ದಿನ ಮುಚ್ಚಿತ್ತು.

ಕೊನೆಗೆ ಯಾವುದು?

ಒಂದೇ ದಿನ ಇದೆ, ಇದೇ ಮೊದಲ ಸಲ ಅನ್ನುವವರು ಬೇಲೆಕಾನದಿಂದ ಗೋಕರ್ಣಕ್ಕೆ ನಡೆಯಿರಿ, ಸಾಧ್ಯವಾದರೆ ವಾರದ ನಡುವೆ. ಗೋಕರ್ಣ ನೋಡಿ ಮುಗಿಸಿದವರು, ಜನ ಬೇಡ ಅನ್ನುವವರು ಯೋಚನೆಯೇ ಮಾಡದೆ ಅಘನಾಶಿನಿ, ಕುಮಟಾ ಹಿಡಿಯಿರಿ. ಮಕ್ಕಳಿದ್ದರೆ ಕಟಪಾಡಿ, ಮಟ್ಟು, ಕಾಪು. ಹಿರಿಯರಿದ್ದರೆ ಅಪ್ಸರಕೊಂಡ. ಒಬ್ಬರೇ ಹೊರಟ ಹೆಂಗಸರಿಗೆ ನಾನು ಮೊದಲು ಹೇಳುವುದು ಕುಮಟಾ ದಾರಿಯನ್ನೇ. ಗಂಟೆಗೊಂದು ಊರು, ಮಾತಾಡಿಸುವ ಮನೆಗಳು, ಹತ್ತಿರದಲ್ಲೇ ಬಸ್ ರಸ್ತೆ ಇರುತ್ತವೆ.

ಬೆಂಗಳೂರಿನಿಂದ ಬರುವವರಿಗೆ ರಾತ್ರಿ ಬಸ್ಸೂ ಇದೆ, ಪಂಚಗಂಗಾ ರೈಲೂ ಇದೆ. ಶುಕ್ರವಾರ ರಾತ್ರಿ ಹೊರಟರೆ ಶನಿವಾರ ಬೆಳಿಗ್ಗೆ ಕುಮಟಾದಲ್ಲಿ ತಿಂಡಿ. ಅವತ್ತು ಅಘನಾಶಿನಿವರೆಗೆ ನಡಿಗೆ, ಕಾಗಾಲ ಇಲ್ಲವೇ ಅಘನಾಶಿನಿಯಲ್ಲಿ ಮೊದಲೇ ಮಾತಾಡಿಟ್ಟ ಹೋಂಸ್ಟೇಯಲ್ಲಿ ಉಳಿಯೋದು. ಭಾನುವಾರ ತಾರಿ ದಾಟಿ ಗೋಕರ್ಣಕ್ಕೆ ನಡೆದು, ರಾತ್ರಿ ಅಲ್ಲಿಂದಲೇ ಬಸ್. ಭಾನುವಾರದ ಆ ಬಸ್ಸುಗಳು ಬೇಗ ತುಂಬುತ್ತವೆ. ಹೋಗುವ ಟಿಕೆಟ್ ತೆಗೆಯುವಾಗಲೇ ಬರುವ ಟಿಕೆಟ್ಟನ್ನೂ ತೆಗೆದಿಟ್ಟುಕೊಳ್ಳಿ.